ಐವತ್ತು ಮಾರು ಹಗ್ಗ

ಅವರು ಬಾಗಿಲು ಮುಚ್ಚಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಹೊಸಿಲು ದಾಟುವ ಮೊದಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮೆಲ್ಲಗೆ ಗೋಡೆಯ ಬುಡದಲ್ಲಿಡುತ್ತಿದ್ದರು. ನೀರು ಕುಡಿದ ಲೋಟವನ್ನು ಹಲಗೆಯ ಮೇಲಿಟ್ಟರೆ ಇಟ್ಟದ್ದೇ ಗೊತ್ತಾಗದು. ನಮ್ಮ ಬಂಟ್ವಾಳ ಪೇಟೆಯಲ್ಲಿ ಮಾತೆಂದರೆ ಬೊಬ್ಬೆ, ಕೆಲಸವೆಂದರೆ ಗದ್ದಲ. ಅಂಥ ಕಡೆ ಇವರೊಬ್ಬರು ಬೆಕ್ಕಿನ ಹೆಜ್ಜೆಯಲ್ಲಿ ನಡೆಯುವುದನ್ನು ಕಂಡು ನಾನು ಒಮ್ಮೆ ಕೇಳಿಯೇ ಬಿಟ್ಟೆ.

"ಎಂತ ಮಾಷ್ಟ್ರೇ, ಕಾಲು ಊರ್ಲಿಕ್ಕೂ ಅಷ್ಟು ಯೋಚನೆಯಾ?"

"ಅಭ್ಯಾಸ ಮಾರಾಯ್ರೇ," ಎಂದು ನಕ್ಕರು. "ನಾನು ಕಾಲು ಬಡಿದರೆ ನನ್ನದೇ ಕಾಗದದಲ್ಲಿ ಗೀಟು ಬೀಳ್ತದೆ. ಆಮೇಲೆ ಭೂಕಂಪ ಯಾವುದು, ನಾನು ಯಾವುದು ಅಂತ ಬೇರೆ ಮಾಡ್ಲಿಕ್ಕೆ ನಾನೇ ಕೂತುಕೊಳ್ಬೇಕಲ್ಲ."

ಅವರು ಹೋದದ್ದೂ ಹಾಗೆಯೇ, ಸದ್ದಿಲ್ಲದೆ. ಮೂಡುಬಿದಿರೆಯಿಂದ ಅವರ ತಂಗಿ ಬರೆದ ಕಾರ್ಡು ನನಗೆ ತಲುಪುವಾಗ ಎಲ್ಲ ಮುಗಿದು ಹತ್ತು ದಿನವಾಗಿತ್ತು. ದೂರದ ಉತ್ತರದ ಊರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರಂತೆ. "ಅಣ್ಣ ನಿಮ್ಮ ಸುದ್ದಿ ಆಗಾಗ ಹೇಳುತ್ತಿದ್ದರು, ಒಳ್ಳೆಯ ಮನುಷ್ಯ ಎನ್ನುತ್ತಿದ್ದರು" ಎಂದು ಕೊನೆಗೊಂದು ಸಾಲು. ಆ ಸಾಲು ಓದಿದ ಮೇಲೆ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಅವರ ಬಗ್ಗೆ ಬರೆಯಲು ನನಗಿಂತ ಓದಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರು ಯಾರೂ ಬರೆಯಲಾಗದ ಒಂದು ಸಂಗತಿ ನನ್ನ ಹತ್ತಿರ ಇದೆ, ಆದ್ದರಿಂದ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಹೇಳುವುದಿಲ್ಲ. ಸರಕಾರದ ಒಂದು ವರದಿಯಲ್ಲಿ ಆ ಹೆಸರು ತಪ್ಪು ಮಾಡಿದವರ ಜಾಗದಲ್ಲಿ ಅಚ್ಚಾಗಿದೆ. ಅದು ಸಾಕು.

ಮಿಜಾರಿನ ಕಡೆಯ ಜೈನ ಮನೆತನದವರು. ಸಣ್ಣ ಪ್ರಾಯದಲ್ಲಿ ಮೂಡುಬಿದಿರೆಯ ಶಾಲೆಯಲ್ಲಿ ನಾಲ್ಕು ವರ್ಷ ವಿಜ್ಞಾನ ಕಲಿಸಿದ್ದರು, ಹಾಗಾಗಿ ಕೊನೆಯವರೆಗೂ 'ಮಾಷ್ಟ್ರು' ಎಂಬ ಹೆಸರು ಉಳಿಯಿತು. ಆಮೇಲೆ ಭೂಮಿ ನಡುಗುವುದನ್ನು ಬರೆದಿಡುವ ಸರಕಾರಿ ಇಲಾಖೆಯೊಂದನ್ನು ಸೇರಿ ಉತ್ತರಕ್ಕೆ ಹೋದರು. ಐವತ್ತರ ದಶಕದ ನಡುವಿನಲ್ಲಿ ಒಂದಷ್ಟು ಮರದ ಪೆಟ್ಟಿಗೆಗಳೊಂದಿಗೆ ಊರಿಗೆ ಮರಳಿ, ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಮುರಕಲ್ಲಿನ ನೆಲ ಕೊರೆಸಿ, ಆಳದ ಒಂದು ಹೊಂಡದೊಳಗೆ ತಮ್ಮ ಯಂತ್ರವನ್ನು ಕೂರಿಸಿದರು. ಜನ ಮೊದಲು ಬಾವಿ ಎಂದುಕೊಂಡರು. ಆಮೇಲೆ ನಿಧಿ ಎಂದುಕೊಂಡರು. ಏನೂ ಸಿಗುವುದಿಲ್ಲ, ಒಂದು ಸೂಜಿ ಕಾಗದದ ಮೇಲೆ ಗೀಟು ಎಳೆಯುತ್ತ ಕೂತಿರುತ್ತದೆ ಎಂದು ತಿಳಿದ ಮೇಲೆ 'ಭೂಕಂಪದ ಮಾಷ್ಟ್ರು' ಎಂದು ಹೆಸರಿಟ್ಟು ಸುಮ್ಮನಾದರು.

ಆ ಹೊಂಡವನ್ನು ನಾನು ನೋಡಿದ್ದೇನೆ. ಮಸಿ ಹಿಡಿಸಿದ ಕಾಗದ ಸುತ್ತಿದ ಒಂದು ಉರುಳೆ ಮೆಲ್ಲಗೆ ತಿರುಗುತ್ತಿತ್ತು. ಅದರ ಮೇಲೆ ಸೂಜಿ ಬಿಳಿ ಗೀಟು ಎಳೆಯುತ್ತಿತ್ತು. ನನಗೆ ಎಲ್ಲ ಗೀಟೂ ಒಂದೇ. ಅವರು ಮಾತ್ರ ಬೆರಳಿಟ್ಟು ಓದುತ್ತಿದ್ದರು. "ಇದು ಬೆಳಿಗ್ಗೆಯ ಮೊದಲ ಬಸ್ಸು. ಘಾಟಿ ಕಡೆಗೆ ಹೋಗುವುದು. ಇದು ಕಲ್ಲು ಒಡೆಯುವವರದ್ದು. ಈ ಒತ್ತೊತ್ತಾಗಿ ಉಂಟಲ್ಲ, ಇದು ಕೆಳಗಿನ ಮನೆಯ ಅಕ್ಕ ಭತ್ತ ಕುಟ್ಟುವುದು." ಆ ಅಕ್ಕನ ಒನಕೆಯಿಂದಾಗಿ ಅವರ ಎಷ್ಟೋ ಬೆಳಗುಗಳ ಕಾಗದ ಹಾಳಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಹೋಗಿ ಜಗಳ ಮಾಡುತ್ತಿದ್ದರು. ಇವರು ಕಾಗದದ ಅಂಚಿನಲ್ಲಿ 'ಅಕ್ಕನ ಒನಕೆ' ಎಂದು ಬರೆದಿಡುತ್ತಿದ್ದರು, ಅಷ್ಟೇ. ಒಮ್ಮೆ ಎರಡು ದಿನ ಆ ಗುರುತೇ ಇಲ್ಲ. ಮೂರನೆಯ ಬೆಳಿಗ್ಗೆ ಇವರಿಗೆ ತಡೆಯಲಾಗದೆ ಗುಡ್ಡ ಇಳಿದು ಹೋಗಿ ನೋಡಿದರೆ ಆಕೆ ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಎತ್ತಿನ ಗಾಡಿಯಲ್ಲಿ ಬೆಳ್ತಂಗಡಿಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದರು, ಬದುಕಿಕೊಂಡಳು. ಈ ಕಥೆಯನ್ನು ಅವರ ಬಾಯಿಂದ ನಾನು ಕೇಳಿಲ್ಲ. ಆಕೆಯೇ ನಮ್ಮ ಅಂಗಡಿಗೆ ಬಾವಿಯ ಹಗ್ಗಕ್ಕೆ ಬಂದಾಗ ಹೇಳಿದ್ದು.

ನೆಲದ ಮೇಲೆ ಇಷ್ಟು ಗಲಾಟೆ ಇರುವುದರಿಂದಲೇ ಅವರಿಗೆ ಸಮುದ್ರದ ಯೋಚನೆ ಬಂದದ್ದು. ನೀರಿನ ಅಡಿಯ ನೆಲದಲ್ಲಿ ಬಸ್ಸಿಲ್ಲ, ಒನಕೆಯಿಲ್ಲ. ಅಲ್ಲೊಂದು ಯಂತ್ರವನ್ನು ಇಳಿಸಿ ತಿಂಗಳುಗಟ್ಟಲೆ ಬಿಟ್ಟರೆ ದೂರದ ಸಣ್ಣ ಕಂಪನವೂ ಚೊಕ್ಕವಾಗಿ ದಾಖಲಾಗುತ್ತದೆ, ಅದು ಸಮುದ್ರದ ಯಾವ ದಿಕ್ಕಿನಲ್ಲಿ ಹುಟ್ಟಿತು ಎಂದು ಹೇಳಬಹುದು ಎನ್ನುತ್ತಿದ್ದರು. ಇದೆಲ್ಲ ಯಾರಿಗೆ ಬೇಕು ಎಂದು ನಾನು ಕೇಳಿದ್ದೆ. ಆ ದಿನ ಮಾತ್ರ ಅವರು ನಗಲಿಲ್ಲ.

ಪ್ರಾಯದಲ್ಲಿ ಉತ್ತರದ ಕಡೆ ಭೂಕಂಪದಲ್ಲಿ ಬಿದ್ದುಹೋದ ಒಂದು ಪೇಟೆಗೆ ಅವರನ್ನು ಕಳಿಸಿದ್ದರಂತೆ. ಯಂತ್ರ ಬಿಟ್ಟು ಹಾರೆ ಹಿಡಿದು ಒಂದು ವಾರ ಮಣ್ಣು ತೆಗೆದರಂತೆ. ಅಲ್ಲಿ ಒಬ್ಬ ಮುದುಕಿ ಇವರ ಕೈ ಹಿಡಿದು, "ಇದು ನಡುಗುವ ನೆಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳಂತೆ. ಗೊತ್ತಿರಲಿಲ್ಲ. ಆ ಭಾಗದಲ್ಲಿ ಕೇಳುವ ಯಂತ್ರವೇ ಇರಲಿಲ್ಲ. "ಯಾವಾಗ ನಡುಗ್ತದೆ ಅಂತ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ ಸಾವ್ಕಾರ್ರೇ," ಎಂದರು ನನ್ನ ಹತ್ತಿರ. "ಎಲ್ಲಿ ನಡುಗ್ತದೆ ಅಂತ ಹೇಳಬಹುದು. ಅಲ್ಲಿಯವರು ಗೋಡೆ ಗಟ್ಟಿ ಕಟ್ಟಿಕೊಳ್ಳಬಹುದು. ಅಷ್ಟು ಮಾಡದೆ ನಾನು ಸಾಯಬಾರದು." ಇಷ್ಟು ಹೇಳಿ ಕೂಡಲೇ ಮಾತು ಬದಲಿಸಿದರು.

ಇಲಾಖೆಯವರು ಬಹಳ ವರ್ಷ ಎಳೆದಾಡಿ, ಅರವತ್ತರ ದಶಕ ಶುರುವಾದ ಮೇಲೆ ಒಂದೇ ಒಂದು ಯಂತ್ರಕ್ಕೆ ಒಪ್ಪಿದರು. ದೀಪಾವಳಿ ಕಳೆದು ಇಳಿಸುವುದು, ಮಳೆಗಾಲಕ್ಕೆ ಮೊದಲು ಎತ್ತುವುದು. ದಾಖಲೆ ಸಿಕ್ಕಿದರೆ ನಮ್ಮ ಕರಾವಳಿಯಲ್ಲಿ ಕಾಯಂ ಆಗಿ ಕೇಂದ್ರ ನಡೆಯುತ್ತದೆ. ಸಿಗದಿದ್ದರೆ ಯೋಜನೆಯೂ ಮುಚ್ಚುತ್ತದೆ, ಲಾಯಿಲದ ಹೊಂಡವೂ ಮುಚ್ಚುತ್ತದೆ, ಇವರು ಉತ್ತರದ ಯಾವುದೋ ಕಚೇರಿಯ ಮೇಜಿಗೆ ಹೋಗಬೇಕು. ಆ ಪತ್ರವನ್ನು ಅವರು ನನಗೆ ಓದಿ ಹೇಳಿದ್ದರು. ಎರಡನೆಯ ಅವಕಾಶ ಇಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನನ್ನ ವಿಷಯ. ಬಂಟ್ವಾಳ ಪೇಟೆಯಲ್ಲಿ ನಮ್ಮದು ತಂದೆಯ ಕಾಲದ ಹಗ್ಗದ ಅಂಗಡಿ. ನೇತ್ರಾವತಿಯಲ್ಲಿ ಮಂಗಳೂರಿಗೆ ಹೋಗಿ ಬರುವ ದೋಣಿಯವರೆಲ್ಲ ನಮ್ಮ ಗಿರಾಕಿಗಳು. ಮಾಷ್ಟ್ರು ಮೊದಲ ಸಲ ಬಂದಾಗ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿಸಿ, ಇನ್ನೊಂದು ತುದಿಯನ್ನು ಎಳೆದು ಹಿಡಿದು, ಬೆರಳಿಂದ ಮೀಟಿ, ಕಿವಿ ಕೊಟ್ಟು ಕೇಳಿದರು. ನನಗೆ ಇವರ ತಲೆ ಸರಿ ಇದೆಯೋ ಇಲ್ಲವೋ ಎನಿಸಿತು. "ಉಕ್ಕಿನ ಸರಿಗೆ ನೀರಿನ ಸೆಳೆತಕ್ಕೆ ಗುಂಯ್ ಅಂತ ಹಾಡ್ತದೆ," ಎಂದರು. "ಕೆಳಗಿನ ಯಂತ್ರ ಆ ಹಾಡನ್ನೇ ಬರೆದುಕೊಂಡು ಕೂತರೆ ಕೆಲಸ ಕೆಟ್ಟ ಹಾಗೆ. ನನಗೆ ಬಾಯಿ ಇಲ್ಲದ ಹಗ್ಗ ಬೇಕು." ತೆಂಗಿನ ನಾರಿನ ದಪ್ಪ ಹಗ್ಗವನ್ನು ಮೀಟಿ ನೋಡಿ, "ಇದು ಆದೀತು, ಇದು ಸುಮ್ಮನಿರುವ ಜಾತಿ" ಎಂದು ತೀರ್ಮಾನಿಸಿದರು. ಉಪ್ಪುನೀರಿಗೆ ನಾರಿನ ಹಗ್ಗದಷ್ಟು ಒಗ್ಗುವುದು ಬೇರೆ ಇಲ್ಲ ಎಂದು ನಾನೂ ಸೇರಿಸಿದೆ.

ಅವರಿಗೆ ಒಂದು ಹುಚ್ಚಿತ್ತು, ಭಾಷೆಯ ಹುಚ್ಚು. ಯಂತ್ರದ ಯಾವ ಭಾಗಕ್ಕೂ ಇಂಗ್ಲಿಷು ಹೆಸರು ಹೇಳಲೊಲ್ಲರು. ಉಕ್ಕಿನ ದಪ್ಪ ಪೀಪಾಯಿಯೊಳಗೆ ಅಲುಗಿದರೆ ತಿಳಿಯುವ ಒಂದು ತೂಗುಗುಂಡು, ಬ್ಯಾಟರಿಗಳು, ಬಹಳ ನಿಧಾನವಾಗಿ ಸುತ್ತುವ ಒಂದು ಟೇಪು. ಇಡೀ ಸಾಮಾನಿಗೆ ಅವರು ಇಟ್ಟ ಹೆಸರು 'ಕಿವಿ'. ನೀರಿನ ಮೇಲೆ ತೇಲುತ್ತ ಜಾಗ ತೋರಿಸುವ ಕೆಂಪು ಪೀಪಾಯಿಗೆ 'ಬೆಂಡು'. ನಕ್ಷೆಯಲ್ಲಿ ಆಳವನ್ನು ಫ್ಯಾದಮ್ ಲೆಕ್ಕದಲ್ಲಿ ಬರೆದಿರುತ್ತಾರೆ. "ಫ್ಯಾದಮ್ ಅಂದರೆ ಎಂತ ಗೊತ್ತುಂಟಾ? ನಮ್ಮ ಮಾರು! ಕೈ ಅಗಲಿಸಿ ಅಳೆಯುವುದು ಅವರಿಗೂ ನಮ್ಮ ಹಾಗೇ" ಎಂದು ಅವರು ಹಿಗ್ಗುತ್ತಿದ್ದರು. ಸಮುದ್ರದ ಆಳ ನಲವತ್ತು, ಬೆಂಡು ಸಡಿಲವಾಗಿ ತೇಲಬೇಕಾದರೆ ಮೇಲೆ ಹತ್ತು, ಒಟ್ಟು ಐವತ್ತು ಫ್ಯಾದಮ್. ಸರಕಾರಿ ಮೊಹರಿನ ಕಾಗದದಲ್ಲಿ ಅವರು ಚೆಂದದ ಕನ್ನಡದಲ್ಲಿ ಬರೆದು ಕಳಿಸಿದರು: 'ಐವತ್ತು ಮಾರು ಮಾತ್ರ.'

ಮಾರು ಎಂದರೆ ಎರಡೂ ಕೈ ಅಗಲಿಸಿದಾಗ ಬೆರಳ ತುದಿಯಿಂದ ಬೆರಳ ತುದಿಯವರೆಗಿನ ಉದ್ದ. ನಮ್ಮ ತಂದೆ ಆರಡಿಯ ಆಳು. ಅವರ ಮಾರಿಗೆ ಹೊಳೆಯುದ್ದಕ್ಕೂ ಹೆಸರಿತ್ತು. ನಾನು ತಾಯಿಯ ಕಡೆಗೆ ಹೋದವನು, ಐದಡಿಗೂ ಒಳಗೆ. ತಂದೆ ತೀರಿಕೊಂಡ ಮೇಲೆ ನಾನು ಅಳೆದ ಹಗ್ಗ ಬಾವಿಯ ನೀರಿಗೆ ಮುಟ್ಟದೆ ಎರಡು ಸಲ ಹಿಂದೆ ಬಂತು. ಆಗ ಹೆಂಡತಿ ಉಪಾಯ ಹೇಳಿದಳು, ಐದು ಮಾರಿಗೆ ಒಂದು ಮಾರು ಕೊಸರು ಹಾಕಿ ಎಂದು. ಅಂದಿನಿಂದ ಅದೇ ಅಂಗಡಿಯ ಪದ್ಧತಿ. ಗಿರಾಕಿಗಳು ಏನೂ ಹೇಳುತ್ತಿರಲಿಲ್ಲ, ಕೊಸರು ಬೀಳುವವರೆಗೆ ಆಕಡೆ ಈಕಡೆ ನೋಡುತ್ತ ನಿಲ್ಲುತ್ತಿದ್ದರು. ನಾನೂ ಏನೂ ಹೇಳುತ್ತಿರಲಿಲ್ಲ. ನನ್ನ ಕೈ ಗಿಡ್ಡ ಎಂಬುದನ್ನು ಇಡೀ ಪೇಟೆ ಹೀಗೆ ಮರ್ಯಾದೆಯಿಂದ ನಡೆಸಿಕೊಂಡು ಹೋಗುತ್ತಿತ್ತು.

ಆ ಕಾಗದ ಬಂದ ವಾರವೇ ಅಳತೆಯ ಇನ್ಸ್‌ಪೆಕ್ಟರ್ ಒಬ್ಬ ಅಂಗಡಿಗೆ ಬಂದಿದ್ದ. ಮೀಟರು ಕೋಲು ಬಂದ ಹೊಸತು. ನಾನು ಅದನ್ನು ಗೋಡೆಗೆ ನೇತುಹಾಕಿ ಕೈಯಲ್ಲೇ ಅಳೆಯುತ್ತಿದ್ದೆ. ಅವನು ನಾಲ್ಕು ಜನರ ಎದುರು ನನ್ನನ್ನು ಎದ್ದು ನಿಲ್ಲಿಸಿ, ಕೈ ಅಗಲಿಸಲು ಹೇಳಿ, ಅದೇ ಕೋಲಿನಿಂದ ನನ್ನನ್ನೇ ಅಳೆದು, "ಇದಾ ನಿಮ್ಮ ಮಾರು?" ಎಂದು ನಕ್ಕಿದ್ದ. ನಕ್ಕವರಲ್ಲಿ ನಮ್ಮ ಗಿರಾಕಿಗಳೂ ಇದ್ದರು. ಆ ಉರಿ ಆರುವ ಮೊದಲೇ ಸರಕಾರಿ ಮೊಹರಿನ ಈ ಕಾಗದ ಬಂತು. ಅದರಲ್ಲಿ 'ಮಾತ್ರ' ಬೇರೆ. ನಾನು ಐವತ್ತು ಅಳೆದು ಕತ್ತರಿಸಿದೆ. ಒಳಗಿನಿಂದ ನೋಡುತ್ತಿದ್ದ ಹೆಂಡತಿ ಹೊರಗೆ ಬಂದಳು.

"ಕೊಸರು ಹಾಕ್ಲಿಲ್ಲ ನೀವು."

"ಐವತ್ತು ಮಾತ್ರ ಅಂತ ಬರೆದಿದ್ದಾರೆ. ಸರಕಾರಕ್ಕೆ ಯಾವ ಕೊಸರು?"

"ಸರಕಾರ ಎಂತ ಸಮುದ್ರಕ್ಕೆ ಇಳಿತದಾ? ಇಳಿಯುವುದು ಮಾಷ್ಟ್ರ ಪೆಟ್ಟಿಗೆ. ಹಾಕಿ, ಹಾಕಿ."

"ನೀನು ಒಳಗೆ ಹೋಗು," ಎಂದೆ. ಹಗ್ಗವನ್ನು ಸುರುಳಿ ಸುತ್ತಿ ಲಾರಿಗೆ ಹಾಕಿಸಿದೆ.

ಮಾಷ್ಟ್ರು ಆ ಹಗ್ಗವನ್ನು ಅಳೆದು ನೋಡಬಹುದಿತ್ತು. ನೋಡಲಿಲ್ಲ. ಉಳಿದದ್ದನ್ನೆಲ್ಲ ನೂರು ಸಲ ಪರೀಕ್ಷೆ ಮಾಡಿದ ಮನುಷ್ಯ ಅವರು. ಕಿವಿಯೊಳಗೆ ನೀರು ಹೋಗುತ್ತದೋ ಎಂದು ನೋಡಲು ಮೂಡುಬಿದಿರೆಯ ಒಂದು ಕೆರೆಯಲ್ಲಿ ಅದನ್ನು ಎಂಟು ದಿನ ಮುಳುಗಿಸಿ ಇಟ್ಟಿದ್ದರು. ಒಳಗೆ ಏನಿಟ್ಟಿದ್ದರು ಅನ್ನುತ್ತೀರಿ? ತಂಗಿ ಸುಟ್ಟುಕೊಟ್ಟ ಒಂದು ಹಪ್ಪಳ! ನೀರು ಬೇಡ, ಬರಿಯ ಪಸೆ ಹೋದರೂ ಹಪ್ಪಳ ಮೆತ್ತಗಾಗುತ್ತದೆ. ಒಂಬತ್ತನೆಯ ದಿನ ಊರಿನವರೆಲ್ಲ ದಡದಲ್ಲಿ ಸೇರಿರುವಾಗ ಮುಚ್ಚಳ ಬಿಚ್ಚಿ, ಹಪ್ಪಳ ತೆಗೆದು ಮುರಿದರು. ಗರಿಗರಿಯಾಗಿತ್ತು. ಅರ್ಧ ತಾವು ತಿಂದು ಅರ್ಧ ನನಗೆ ಕೊಟ್ಟರು. ಇಷ್ಟೆಲ್ಲ ಜಾಗ್ರತೆಯವರು ಹಗ್ಗವನ್ನು ಯಾಕೆ ಅಳೆಯಲಿಲ್ಲ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನನಗೆ ಉತ್ತರ ಗೊತ್ತು. ಹಪ್ಪಳ ಯಂತ್ರವನ್ನು ನಂಬದೆ ಇಟ್ಟದ್ದು. ಹಗ್ಗ ನನ್ನಿಂದ ಬಂದದ್ದು.

ಇಳಿಸುವ ದಿನ ನನ್ನನ್ನೂ ಕರೆದರು. ಮಂಗಳೂರಿನ ಬಂದರಿನಿಂದ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಮರದ ಹಡಗಿನಲ್ಲಿ, ಬೆಳಕು ಹರಿಯುವ ಮೊದಲೇ ಹೊರಟೆವು. ನಡೆಸುತ್ತಿದ್ದವನು ಅರವತ್ತು ದಾಟಿದ ತಂಡೇಲ, ಸಮುದ್ರದಲ್ಲೇ ತಲೆ ನರೆತವನು. ಮಾಷ್ಟ್ರಿಗೆ ಸಮುದ್ರ ಒಗ್ಗದು. ದಾರಿಯುದ್ದಕ್ಕೂ ಕಕ್ಕಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಜಾಗ ಸಿಕ್ಕಿತು. ಸೀಸದ ಗುಂಡು ಕಟ್ಟಿದ ದಾರ ಬಿಟ್ಟು ಆಳ ನೋಡಿದರು, ನಕ್ಷೆಯಲ್ಲಿದ್ದಂತೆ ನಲವತ್ತು. ನೀರು ಇಳಿತದಲ್ಲಿತ್ತು. ಕಿವಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸತೊಡಗಿದರು. ಹಗ್ಗ ಹೋಗುತ್ತ ಹೋಗುತ್ತ ಹೋಯಿತು. ಕಿವಿ ತಳ ಮುಟ್ಟುವಾಗ ಹತ್ತು ಮಾರು ಹಗ್ಗ ಹಲಗೆಯ ಮೇಲೆ ಉಳಿದಿರಬೇಕಿತ್ತು. ಉಳಿದದ್ದು ಬೆಂಡಿಗೆ ಗಂಟು ಹಾಕುವಷ್ಟು.

ತಂಡೇಲ ಹಗ್ಗ ನೋಡಿದ, ನನ್ನನ್ನು ನೋಡಿದ. "ಸಾವ್ಕಾರ್ರೇ, ಇದರಲ್ಲಿ ಐವತ್ತು ಉಂಟಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ಸ್‌ಪೆಕ್ಟರನ ಎದುರು ನಿಂತ ಹಾಗೇ ಆಯಿತು ನನಗೆ.

"ಉಂಟು," ಎಂದೆ.

"ನನ್ನ ಹತ್ರ ಲಂಗರಿನ ಹಗ್ಗ ಇಪ್ಪತ್ತು ಮಾರು ಚಾಸ್ತಿ ಉಂಟು. ಸೇರಿಸಿ ಹೆಣೆಯುವ. ಅರ್ಧ ಗಂಟೆ ಕೆಲಸ."

"ಬೇಡ. ಎಣಿಸಿ ಕೊಟ್ಟದ್ದು ನಾನು."

ಮಾಷ್ಟ್ರು ಹಣೆಯ ಬಟ್ಟೆ ತೆಗೆದು ಎದ್ದು ನಿಂತರು. ಮುಖ ಬಿಳಿಚಿತ್ತು. "ಅವರು ಉಂಟು ಅಂದರೆ ಉಂಟು," ಎಂದರು ತಂಡೇಲನಿಗೆ. "ಸೆಳೆತಕ್ಕೆ ಹಗ್ಗ ಓರೆ ಹೋಗಿರಬೇಕು. ಆಮೇಲೆ ಸಡಿಲ ಆಗ್ತದೆ. ಬಿಡುವ." ಕೆಂಪು ಬೆಂಡನ್ನು ನೀರಿಗೆ ಬಿಟ್ಟರು. ಅದು ಅತ್ತಿತ್ತ ಆಡದೆ ನೆಟ್ಟಗೆ ನಿಂತಿತು. ಮಾಷ್ಟ್ರು ಬಹಳ ಹೊತ್ತು ಅದನ್ನು ನೋಡಿ, ಸೂರ್ಯ ಮುಳುಗಿದರೆ ಉಣ್ಣಲಿಕ್ಕಿಲ್ಲ ಎಂದು ಬುತ್ತಿ ಬಿಚ್ಚಿ, ಆ ಕಕ್ಕುವ ಹೊಟ್ಟೆಯಲ್ಲೂ ಸಂತೋಷದಿಂದ ಎರಡು ತುತ್ತು ತಿಂದರು.

ಹುಣ್ಣಿಮೆಯ ಉಬ್ಬರಕ್ಕೆ ಬೆಂಡು ನೀರೊಳಗೆ ಹೋಗಿ, ಇಳಿತಕ್ಕೆ ಮತ್ತೆ ಮೇಲೆ ಬರುತ್ತಿದೆ ಎಂದು ತಂಡೇಲ ದೋಣಿಯವರ ಹತ್ತಿರ ನನಗೆ ಹೇಳಿ ಕಳಿಸಿದ. ಸಮಾಚಾರ ಕೇಳಿದ ಹೆಂಡತಿ, "ಇನ್ನೂ ಹೊತ್ತು ಮೀರ್ಲಿಲ್ಲ. ಹೋಗಿ ಹೇಳಿ. ಹಗ್ಗ ಸೇರಿಸ್ಲಿಕ್ಕೆ ಆಗ್ತದೆ" ಎಂದಳು. ನಾನು ಬಸ್ಸು ಹತ್ತಿ ಬೆಳ್ತಂಗಡಿಗೆ ಹೋದೆ, ಲಾಯಿಲದವರೆಗೆ ನಡೆದೆ. ಅಲ್ಲಿ ಶಾಲೆಯ ಮಕ್ಕಳು ಹೊಂಡ ನೋಡಲು ಬಂದಿದ್ದರು. "ಮಳೆಗಾಲಕ್ಕೆ ಮೊದಲು ಸಮುದ್ರದಿಂದ ಇನ್ನೊಂದು ಕಿವಿ ಬರ್ತದೆ, ಆಗ ಎಲ್ಲರೂ ಬನ್ನಿ, ಅದು ಎಂತೆಂತ ಕೇಳಿಸಿಕೊಂಡಿದೆ ಅಂತ ತೋರಿಸ್ತೇನೆ" ಎಂದು ಮಾಷ್ಟ್ರು ಅವರಿಗೆ ಹೇಳುತ್ತಿದ್ದರು. ನನ್ನನ್ನು ಕಂಡು, "ನೋಡಿ ಮಕ್ಕಳೇ, ಸಮುದ್ರಕ್ಕೆ ಹಗ್ಗ ಕೊಟ್ಟವರು ಇವರೇ" ಎಂದು ಪರಿಚಯ ಮಾಡಿಸಿದರು. ಮಕ್ಕಳು ಕೈಮುಗಿದರು. ಈ ಕಡೆ ಬಂದಿದ್ದೆ, ಹಾಗೇ ನೋಡಿ ಹೋಗುವ ಅಂತ, ಎಂದು ಹೇಳಿ ಮಜ್ಜಿಗೆ ಕುಡಿದು ಮರಳಿದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರ ಎಳೆದೂ ಎಳೆದೂ, ನಮ್ಮ ಸುಗ್ಗಿಯ ತಿಂಗಳಲ್ಲಿ, ಮಾರ್ಚ್ ಕಳೆಯುವ ಹೊತ್ತಿಗೆ, ಹಗ್ಗ ಕಿವಿಯ ಗಂಟಿನ ಹತ್ತಿರವೇ ಹರಿಯಿತು. ಬೆಂಡು ಉತ್ತರದ ಒಂದು ಮರಳದಂಡೆಗೆ ಬಂದು ಬಿತ್ತು, ಇಡೀ ಹಗ್ಗವನ್ನು ಹಿಂದೆ ಎಳೆದುಕೊಂಡು. ಮಾಷ್ಟ್ರು ಅದನ್ನು ಬಂದರಿಗೆ ತರಿಸಿ, ಗೋದಾಮಿನ ಎದುರು ಉದ್ದಕ್ಕೆ ಹಾಸಿ, ಟೇಪು ಹಿಡಿದು ಅಳೆದರು. ಅವರ ಲೆಕ್ಕದ ಐವತ್ತಲ್ಲ. ನಲವತ್ತು, ಮೇಲೆ ಒಂದು ಮೊಳ.

ಆಮೇಲೆ ಅವರು ಹುಡುಕಿದ್ದನ್ನು ನಾನು ಹೇಳಲೇಬೇಕು. ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಪಾತಾಳಗರಡಿ ಗೊತ್ತಲ್ಲ, ಕೊಕ್ಕೆಗಳ ಗೊಂಚಲು. ಅಂಥದನ್ನೇ ದೊಡ್ಡದಾಗಿ ಕಮ್ಮಾರನಲ್ಲಿ ಮಾಡಿಸಿ, ಅದೇ ತಂಡೇಲನೊಂದಿಗೆ ದಿನವೂ ಹೋಗಿ ಸಮುದ್ರದ ತಳವನ್ನು ಗೀರಿದರು. ಹನ್ನೊಂದು ದಿನ. ದಿನವೂ ಕಕ್ಕುತ್ತಿದ್ದರು. ಕಣ್ಣು ಗುಳಿಬಿದ್ದು ಗುರುತು ಸಿಗದಂತಾದರು. ಕೊನೆಯ ಎರಡು ದಿನ ನಾನೂ ಹೋಗಿದ್ದೆ, ಮನೆಯಲ್ಲಿ ಕೂರಲಾಗದೆ. ಕೊಕ್ಕೆಗೆ ಹರಿದ ಬಲೆ ಸಿಕ್ಕಿತು, ಕಲ್ಲು ಸಿಕ್ಕಿತು, ಕಿವಿ ಸಿಗಲಿಲ್ಲ. ಹನ್ನೊಂದನೆಯ ದಿನ ಗಾಳಿ ತಿರುಗಿತು, ಮೋಡ ಕಟ್ಟಿತು. ತಂಡೇಲ, "ಇನ್ನು ಸಾಕು ಮಾಷ್ಟ್ರೇ, ಹೋಗುವ" ಎಂದ. ಮಾಷ್ಟ್ರು ಮಂಜಿಯ ಅಂಚು ಹಿಡಿದು ನೀರನ್ನೇ ನೋಡುತ್ತಿದ್ದರು. "ಬ್ಯಾಟರಿ ಇನ್ನೂ ಉಂಟು," ಎಂದರು. "ಕೆಳಗೆ ಅದು ಬರೆಯುತ್ತಾ ಉಂಟು." ಆ ಮನುಷ್ಯ ಅತ್ತದ್ದನ್ನು ನಾನು ಆಗ ಕಂಡೆ. ಅಳುವುದರಲ್ಲೂ ಸದ್ದಿರಲಿಲ್ಲ.

ಯೋಜನೆ ಮುಚ್ಚಿತು. ಲಾಯಿಲದ ಹೊಂಡಕ್ಕೆ ಮಣ್ಣು ತುಂಬಿದರು. ಅವರಿಗೆ ಉತ್ತರಕ್ಕೆ ವರ್ಗವಾಯಿತು. ಅಲ್ಲಿ ಬೇರೆಯವರು ಬರೆದ ಕಾಗದಗಳಿಗೆ ನಂಬರು ಹಾಕುವ ಕೆಲಸವಂತೆ. ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದರು, ಹೆಂಡತಿಯ ಆರೋಗ್ಯ, ಹೊಳೆಯ ನೆರೆ, ದೋಣಿಯವರು ಹೇಗಿದ್ದಾರೆ ಎಂದೆಲ್ಲ ವಿಚಾರಿಸಿ. ನಾನು ಪ್ರತಿ ಸಲವೂ ಎಲ್ಲವನ್ನೂ ಬರೆದುಬಿಡಬೇಕೆಂದು ಕೂರುತ್ತಿದ್ದೆ. ಎಲ್ಲರೂ ಕ್ಷೇಮ ಎಂದು ಬರೆದು ಡಬ್ಬಿಗೆ ಹಾಕುತ್ತಿದ್ದೆ. ಈಗ ಬರೆಯಲು ಅವರಿಲ್ಲ.

ಅವರು ಹೊರಡುವ ಮುಂಚಿನ ದಿನದ ಒಂದು ಸಂಗತಿಯನ್ನು ಇಲ್ಲಿಯವರೆಗೆ ಹೇಳದೆ ಉಳಿಸಿಕೊಂಡಿದ್ದೇನೆ. ಬಂದರಿನಲ್ಲಿ ಆಗ ನನ್ನ ಹೆಸರು ಕೆಟ್ಟಿತ್ತು. ಬಂಟ್ವಾಳದ ಹಗ್ಗದಂಗಡಿಯವನು ಮೋಸ ಮಾಡಿದ ಎಂದು ತಂಡೇಲ ಎಲ್ಲರಿಗೂ ಹೇಳುತ್ತಿದ್ದ. ಹೇಳಿದ್ದು ಸರಿಯೇ. ಅಂದು ಮಧ್ಯಾಹ್ನ ಜಡಿಮಳೆಯಲ್ಲಿ ಮಾಷ್ಟ್ರು ಅಂಗಡಿಗೆ ಬಂದರು. ಇವತ್ತು ಹೇಳಿಬಿಡುತ್ತೇನೆ ಎಂದು ನಾನು ನಿಶ್ಚಯ ಮಾಡಿಯೇ ಎದ್ದು ನಿಂತೆ. ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೈಮುಗಿದರು.

"ಸಾವ್ಕಾರ್ರೇ, ನನ್ನಿಂದ ನಿಮಗೆ ಒಂದು ಅನ್ಯಾಯ ಆಗಿದೆ. ಫ್ಯಾದಮ್ ಅಂದರೆ ಆರಡಿ, ಅದು ಲೆಕ್ಕ. ಮಾರು ಅಂದರೆ ಮನುಷ್ಯ. ಒಬ್ಬೊಬ್ಬರದ್ದು ಒಂದೊಂದು. ನನ್ನ ಭಾಷೆಯ ಹುಚ್ಚಿನಲ್ಲಿ ನಾನು ಅದನ್ನು ಯೋಚಿಸ್ಲಿಲ್ಲ. ಐವತ್ತು ಮಾರು ಕೇಳಿದೆ, ನೀವು ಐವತ್ತು ಮಾರು ಕೊಟ್ಟಿರಿ. ನಿಮ್ಮದೆಂತ ತಪ್ಪು? ವರದಿಯಲ್ಲಿ ಹಾಗೇ ಬರೆದಿದ್ದೇನೆ, ತಪ್ಪು ನನ್ನದು ಅಂತ. ಬಂದರಿನಲ್ಲಿಯೂ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದೆ. ತಂಡೇಲನೂ ಒಪ್ಪಿದ. ನನ್ನಿಂದಾಗಿ ನಿಮ್ಮ ತಂದೆಯ ಅಂಗಡಿಗೆ ಕೆಟ್ಟ ಹೆಸರು ಬಂತು. ಕ್ಷಮಿಸಬೇಕು."

ಕೊಸರಿನ ವಿಷಯ ಅವರಿ‌ಗೆ ಗೊತ್ತಿರಲಿಲ್ಲ. ಅವರು ಗುಡ್ಡದ ಕಡೆಯವರು, ನಮ್ಮಲ್ಲಿ ಹಗ್ಗ ಕೊಂಡು ಅಭ್ಯಾಸ ಇದ್ದವರಲ್ಲ. ನಾನು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗಬೇಕಿತ್ತು. ಅವರು ಕೈ ಮುಗಿದುಕೊಂಡೇ ಉತ್ತರಕ್ಕೆ ಕಾದರು. ಉತ್ತರ ಕೊಟ್ಟೆ. ಅವರ ಮುಖ ಹಗುರಾಯಿತು, ಕೊಡೆ ಬಿಡಿಸಿ ಮಳೆಯಲ್ಲಿ ಇಳಿದು ಹೋದರು.

ಹೆಂಡತಿ ಒಳಗಿನಿಂದ ಬಂದಳು. "ಹೇಳಿದಿರಾ?"

"ಅವರೇ ಕ್ಷಮೆ ಕೇಳಿದ್ರು."

"ಅದಕ್ಕೆ ನೀವೆಂತ ಹೇಳಿದಿರಿ?"

"ಇರಲಿ ಬಿಡಿ ಮಾಷ್ಟ್ರೇ, ಅಂದೆ."